ಕನ್ನಡದಲ್ಲಿ ಹೇಳಿದ್ದು

ಸೂರತ್ತಿನ ಪಾಂಡೇಸರಾದಲ್ಲಿ ಉಡುಪಿ ಹೋಟೆಲು ನಡೆಸುವ ಸದಾಶಿವನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗಿರಾಕಿಗೆ ತಿಳಿಯಬಾರದ್ದನ್ನೆಲ್ಲ ಅವರು ಗಿರಾಕಿಯ ಎದುರಿಗೇ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದರು. "ಆ ಮೂಲೆಯ ಟೇಬಲ್ಲಿನವನಿಗೆ ಮತ್ತೆ ಮತ್ತೆ ಚಟ್ನಿ ಹಾಕ್ಬೇಡಿ ಮಾರಾಯ್ರೆ, ಅವ ದೋಸೆ ತಿನ್ನುದಲ್ಲ, ಚಟ್ನಿ ಕುಡಿಯುದು" ಎಂದು ಗಲ್ಲಾದಲ್ಲಿ ಕೂತ ಸದಾಶಿವ ಮುಖದ ತುಂಬ ನಗು ಇಟ್ಟುಕೊಂಡು ಕೂಗಿದರೆ, ತನ್ನನ್ನೇ ಉಪಚರಿಸುತ್ತಿದ್ದಾರೆಂದು ತಿಳಿದ ಆ ಗಿರಾಕಿ ತಿರುಗಿ ನಗುತ್ತಿದ್ದ. ರಿಕ್ಷಾದಲ್ಲಿ, ಬ್ಯಾಂಕಿನಲ್ಲಿ, ಸೀರೆ ಅಂಗಡಿಯಲ್ಲಿ ಎಲ್ಲ ಕಡೆಯೂ ಹೀಗೇ. ಊರು ಬಿಟ್ಟು ಬಂದವರಿಗೆ ಇರುವ ಮನೆ ಎಷ್ಟು ಸಣ್ಣದಾದರೂ ಭಾಷೆಯೊಂದು ಒಳಕೋಣೆ. ಅದರೊಳಗೆ ಹೋಗಿ ಕದ ಹಾಕಿಕೊಂಡರೆ ಮುಗಿಯಿತು, ಎದುರಿಗೆ ನಿಂತವನೂ ಬೀದಿಯಲ್ಲಿ ನಿಂತ ಹಾಗೆ.

ಸದಾಶಿವನ ಹೆಂಡತಿ ನಮಿತಾ ಕಾಯಿಲೆ ಬಿದ್ದ ಸಂಗತಿಯನ್ನೂ ಅವರು ಈ ಒಳಕೋಣೆಯಲ್ಲೇ ಇಟ್ಟಿದ್ದರು.

ಅದು ಹಳೆಯ ಮಾತು. ತೀರಿಹೋದ ಅತ್ತೆಯ ದನಿ ಅವಳಿಗೆ ಗ್ರೈಂಡರಿನ ಒಳಗಿನಿಂದ ಕೇಳತೊಡಗಿತ್ತು. ಹಿಟ್ಟಿಗೆ ವಿಷ ಹಾಕಿದ್ದೀಯೆಂದು ಅತ್ತೆ ಹೇಳಿದಳು. ನಮಿತಾ ಅಂದು ಬೆಳಗಿನ ವ್ಯಾಪಾರಕ್ಕೆ ರುಬ್ಬಿಟ್ಟ ಹಿಟ್ಟನ್ನೆಲ್ಲ ಪಾತ್ರೆ ಪಾತ್ರೆಯಾಗಿ ಹೊತ್ತು ತಂದು ರಸ್ತೆಗೆ ಸುರಿದಳು. ಬಣ್ಣದ ಮಿಲ್ಲುಗಳ ಕೆಂಪು ನೀರು ನೀಲಿ ನೀರು ಚರಂಡಿಯಲ್ಲಿ ಹರಿಯುವುದನ್ನು ದಿನವೂ ಕಾಣುವ ಪಾಂಡೇಸರಾದ ಜನ ಅಂದು ಬಿಳಿ ಹರಿಯುವುದನ್ನೂ ಕಂಡರು. "ಹಿಟ್ಟು ಹುಳಿ ಬಂದಿತ್ತು" ಎಂದು ಸದಾಶಿವ ಹಿಂದಿಯಲ್ಲಿ ಹೇಳಿದ. ಒಳಗೆ ಹೋಗಿ ಕನ್ನಡದಲ್ಲಿ ಅತ್ತ.

ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ವರ್ಷಗಟ್ಟಲೆ ಅಲೆದ ಮೇಲೆ ಔಷಧಿ ಹಿಡಿಯಿತು. ದನಿ ನಿಂತಿತು. ಅದೇ ಆಸ್ಪತ್ರೆಯಲ್ಲಿ ಅಹಮದಾಬಾದಿನ ಒಂದು ಟ್ರಸ್ಟಿನವರು ಹೊಸ ಕೆಲಸ ಶುರು ಮಾಡಿದ್ದರು. ಇಂಥ ಕಾಯಿಲೆಯಿಂದ ಎದ್ದು ಬಂದವರನ್ನೇ ಆರಿಸಿ, ತರಬೇತಿ ಕೊಟ್ಟು, ಸರ್ಟಿಫಿಕೇಟು ಮತ್ತು ಗುರುತಿನ ಕಾರ್ಡು ಕೊಟ್ಟು, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸುವುದು. ಹೊಸದಾಗಿ ಬಂದ ರೋಗಿಯ ಪಕ್ಕ ಕೂತು "ನನಗೂ ಹೀಗೇ ಆಗಿತ್ತು" ಎಂದು ಹೇಳುವುದು. ಉಪದೇಶವಿಲ್ಲ, ಮದ್ದಿಲ್ಲ. ಪೀರ್ ಸಪೋರ್ಟ್ ಎಂದು ಅದರ ಹೆಸರು. ನಮಿತಾ ಆ ಬೆಂಚಿಗೆ ಬಂದು ಕೂತವಳು ಮತ್ತೆ ಏಳಲಿಲ್ಲ.

"ಎಲ್ಲರಿಗೂ ಯೂನಿವರ್ಸಿಟಿ ಡಿಗ್ರಿ ಕೊಟ್ರೆ ನಿನಗೆ ನನ್ನ ಅಮ್ಮ ಕೊಟ್ಟದ್ದು" ಎಂದು ಸದಾಶಿವ ಛೇಡಿಸುತ್ತಿದ್ದ. "ಬದುಕಿದ್ದಾಗ ಒಂದು ಒಳ್ಳೆ ಮಾತು ಹೇಳ್ಲಿಲ್ಲ. ಸತ್ತ ಮೇಲೆ ನೌಕರಿ ಕೊಡಿಸಿದ್ಲು."

"ಅವರಿಗೆ ಒಂದು ಸೀರೆ ಇಡ್ಬೇಕು ಈ ಸರ್ತಿ ತಿಥಿಗೆ" ಎಂದು ಅವಳೂ ನಗುತ್ತಿದ್ದಳು.

ನಗುತ್ತಿದ್ದರೂ ಸರ್ಟಿಫಿಕೇಟನ್ನು ಗಲ್ಲಾದ ಹಿಂದೆ ತೂಗುಹಾಕುವ ಹಾಗಿರಲಿಲ್ಲ. ಮಾನಸಿಕ ಎನ್ನುವ ಪದ ಗುಜರಾತಿಯಲ್ಲೂ ಒಂದೇ ಥರ ಓದಿಸಿಕೊಳ್ಳುತ್ತದೆ. ಹಾಗಾಗಿ ಅದು ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಮೇಲಿನ ಗೋಡೆಯಲ್ಲಿ ಇತ್ತು.

ಅವಳ ಬೆಂಚಿಗೆ ಬರುವವರಲ್ಲಿ ಲಿಂಗರಾಜ ಎಂಬವನೊಬ್ಬ. ರಾಯಚೂರು ಕಡೆಯವನು, ಬಣ್ಣದ ಮಿಲ್ಲಿನಲ್ಲಿ ಬಟ್ಟೆ ಅದ್ದುವ ಕೆಲಸ. ಎಷ್ಟು ತೊಳೆದರೂ ಉಗುರಿನ ಸುತ್ತ ನೇರಳೆ ಉಳಿದಿರುತ್ತಿತ್ತು. ಯಾರೋ ಇಡೀ ದಿನ ಹಾಜರಿ ಕೂಗಿದಂತೆ ತನ್ನ ಹೆಸರು ಕೂಗುತ್ತಾರೆ ಎನ್ನುವುದು ಅವನ ಕಾಯಿಲೆ. ಮೇಸ್ತ್ರಿ ಎಳೆದುಕೊಂಡು ಬಂದ ದಿನ ಅವನು ಡಾಕ್ಟರ ಎದುರು ಬಾಯಿ ಬಿಡಲೇ ಇಲ್ಲ. ಹೊರಗೆ ಬೆಂಚಿನಲ್ಲಿ ನಮಿತಾ ಫೋನಿನಲ್ಲಿ ಸದಾಶಿವನ ಹತ್ತಿರ ತೆಂಗಿನಕಾಯಿಯ ವಿಷಯ ಮಾತಾಡುವುದನ್ನು ಕೇಳಿ ತಲೆ ಎತ್ತಿದ.

"ಅಕ್ಕಾರ, ಕನ್ನಡದವ್ರೇನ್ರಿ?"

ಆಮೇಲೆ ಅವನು ನಿಲ್ಲಿಸದೆ ಮಾತಾಡಿದ. ಅಂದಿನಿಂದ ಅವನ ವಾರದ ರಜೆಯ ದಿನವೇ ಅವಳು ಬೆಂಚಿನಲ್ಲಿ ಇರುವ ದಿನವೂ ಆಯಿತು. ಅವಳಿದ್ದರೆ ಬಂದು ಗುಳಿಗೆ ತೆಗೆದುಕೊಂಡು ಹೋಗುತ್ತಿದ್ದ. ಅವಳು ಊರಿಗೆ ಹೋದ ಒಂದು ಸಲ ಬರಲೇ ಇಲ್ಲ. ಗುಳಿಗೆ ತಪ್ಪಿ, ಕುದಿಯುವ ಬಣ್ಣದ ತೊಟ್ಟಿಯ ಅಂಚಿಗೆ ಹೋಗಿ ನಿಂತು ಹೆಸರು ಕೂಗಿದವನಿಗೆ "ಹಾಜರ್" ಎಂದು ಉತ್ತರ ಕೊಡುತ್ತಿದ್ದನಂತೆ. ಜೊತೆಯವರು ಹಿಂದಿನಿಂದ ಅಂಗಿ ಹಿಡಿದು ಎಳೆದಿದ್ದರು. ಅದನ್ನು ಕೇಳಿದ ಮೇಲೆ ನಮಿತಾ ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದಳು.

ಸರ್ಟಿಫಿಕೇಟಿಗೆ ಅವಧಿ ಇರುತ್ತದೆ. ಮುಗಿಯುವ ಮೊದಲು ಮತ್ತೆ ತರಗತಿಗೆ ಹೋಗಿ ಕೂತು, ಕಲಿತು, ನವೀಕರಿಸಿಕೊಳ್ಳಬೇಕು. ಇಲ್ಲದಿದ್ದರೆ ಆಸ್ಪತ್ರೆಯವರು ಬೆಂಚಿಗೆ ಬಿಡುವುದಿಲ್ಲ. ಈ ಸಲದ ತರಗತಿ ವಡೋದರದ ಮಾಂಜಲ್‌ಪುರದಲ್ಲಿ, ಒಂದು ಸಮಾಜ ಮಂದಿರದ ಮಹಡಿಯಲ್ಲಿ. ಕಲಿಸಲು ಬಂದವಳು ಸಿಂಚನಾ. ಅಹಮದಾಬಾದಿನ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ವೆಂಕಟಾಚಲ ಎಂಬವರ ಮಗಳು, ಮನಶ್ಶಾಸ್ತ್ರ ಓದಿದವಳು, ಟ್ರಸ್ಟಿನಲ್ಲಿ ತರಬೇತಿಯ ಜವಾಬ್ದಾರಿ ಅವಳದೇ.

"ಆಂಟಿ, ನನಗೆ ಕನ್ನಡ ಓದಕ್ಕೆ ಬರಲ್ಲ. ಮಾತಾಡ್ತೀನಿ, ಅದೂ ಅಮ್ಮನ ಹತ್ರ ಬೈಸ್ಕೊಂಡಾಗ ಮಾತ್ರ" ಎಂದು ಅವಳು ಮೊದಲ ದಿನವೇ ಹೇಳಿದಳು.

"ಬೈಸ್ಕೊಳ್ಳಿಕ್ಕೆ ಅದೇ ಒಳ್ಳೆ ಭಾಷೆ ಮಗಾ. ಬೇರೆದ್ರಲ್ಲಿ ಬೈದ್ರೆ ತಾಗುದಿಲ್ಲ" ಎಂದಳು ನಮಿತಾ. ಮಕ್ಕಳಿಲ್ಲದ ಅವಳಿಗೆ ಆ ಹುಡುಗಿಯ ತೊದಲು ಕನ್ನಡ ಬಹಳ ಹಿಡಿಸಿತು. ಊಟದ ಹೊತ್ತಿಗೆ ಮನೆಯಿಂದ ತಂದ ಉಪ್ಪಿನಕಾಯಿ ಹಾಕಿದಳು.

ತರಗತಿಯಲ್ಲಿ ಎಲ್ಲರೂ ಕುರ್ಚಿ ಹಾಕಿಕೊಂಡು ದುಂಡಗೆ ಕೂರುವ ಕ್ರಮ. ಸರ್ಕಲ್ ಎಂದೇ ಕರೆಯುವುದು. ಸರ್ಕಲ್ಲಿನೊಳಗೆ ಯಾರು ಏನು ಹೇಳಿದರೂ ಅದು ಹೊರಗೆ ಹೋಗಬಾರದು, ಅದನ್ನು ಯಾರ ಮೇಲೂ ಬಳಸಬಾರದು. ಸಿಂಚನಾ ದಿನವೂ ಬೆಳಿಗ್ಗೆ ಇದನ್ನು ಹೇಳಿಸಿ, ಎಲ್ಲರಿಂದ ಕೈ ಎತ್ತಿಸುತ್ತಿದ್ದಳು. ನಮಿತಾಳೂ ಎತ್ತುತ್ತಿದ್ದಳು. ಆದರೆ ಕೈ ಎತ್ತಿದ ಮಾತ್ರಕ್ಕೆ ನಂಬಿಕೆ ಬರುತ್ತದೆಯೇ? ಆನಂದ್‌ನವರು, ಭರೂಚಿನವರು, ನವಸಾರಿಯವರು, ಗುರುತು ಪರಿಚಯವಿಲ್ಲದ ಅಷ್ಟು ಮುಖಗಳು. ಅವಳ ಸರದಿ ಬಂದಾಗ ಅವಳು ರಸ್ತೆಗೆ ಹಿಟ್ಟು ಸುರಿದ ಹಳೆಯ ಕತೆಯನ್ನು ಹಿಂದಿಯಲ್ಲಿ ಹೇಳಿದಳು. ಎಷ್ಟೋ ಸಲ ಹೇಳಿ ನಯವಾದ ಕತೆ. ಎಲ್ಲಿ ನಿಲ್ಲಿಸಿದರೆ ಜನ ಉಸಿರು ಬಿಗಿಹಿಡಿಯುತ್ತಾರೆ ಎನ್ನುವುದೂ ಅವಳಿಗೆ ಗೊತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಹಾದ ಹೊತ್ತಿಗೆ ಇಬ್ಬರೂ ಮಹಡಿ ಮೆಟ್ಟಿಲಿನ ಮೇಲೆ ಕೂತಿದ್ದರು. ಸುತ್ತಲೂ ಗುಜರಾತಿ ಗಲಗಲ. ನಮಿತಾ ಲೋಟ ಕೆಳಗಿಟ್ಟು, ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು.

"ಒಂದು ಹೇಳ್ತೇನೆ ಮಗಾ. ನನ್ನ ಅತ್ತೆ ವಾಪಸು ಬಂದಿದ್ದಾರೆ."

ಸಿಂಚನಾ ಲೋಟವನ್ನು ತುಟಿಯ ಹತ್ತಿರವೇ ಹಿಡಿದಳು.

"ಹೆದರ್ಬೇಡ. ಮೊದಲಿನ ಹಾಗಲ್ಲ. ಗ್ರೈಂಡರ್ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು. ಸಣ್ಣ ದನಿ. ವಯಸ್ಸಾಯ್ತಲ್ಲ ಅವರಿಗೂ" ಎಂದು ನಮಿತಾ ನಕ್ಕಳು. "ನಾನು ಹೇಳ್ತೇನೆ, ಬಂದ್ರಾ, ಕೂತ್ಕೊಳ್ಳಿ, ನನಗೆ ಕೆಲಸ ಉಂಟು ಅಂತ. ಕೂತಿರ್ತಾರೆ. ಆಮೇಲೆ ಹೋಗ್ತಾರೆ. ಇವರಿಗೂ ಹೇಳ್ಲಿಲ್ಲ ನಾನು. ಡಾಕ್ಟ್ರಿಗೆ ಮುಂದಿನ ಸರ್ತಿ ಹೋದಾಗ ಹೇಳುವಾ ಅಂತ."

ಸಿಂಚನಾ ಅವಳ ಕೈ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ಆ ಕೈ ಹಿಡಿದದ್ದು ಸುಳ್ಳಲ್ಲ. ಆಮೇಲೆ ಏನೆಲ್ಲ ಆದರೂ ನಮಿತಾ ಆ ಒಂದು ಮಾತನ್ನು ಬಿಟ್ಟುಕೊಡಲಿಲ್ಲ. ಎದೆಯ ಭಾರ ಇಳಿದು ಅವಳು ಅಂದು ಎರಡು ಬಾರಿ ಅನ್ನ ಹಾಕಿಸಿಕೊಂಡಳು.

ಕೊನೆಯ ದಿನ ಎಲ್ಲರನ್ನೂ ಹೆಸರು ಹಿಡಿದು ಕರೆದು ಸರ್ಟಿಫಿಕೇಟು ಕೊಟ್ಟರು. ನಮಿತಾಳ ಹೆಸರು ಬರಲಿಲ್ಲ.

"ನಿಮ್ದು ಅಹಮದಾಬಾದಿಂದ ಬರ್ಬೇಕು ಆಂಟಿ" ಎಂದಳು ಸಿಂಚನಾ. ಹೇಳುವಾಗ ಚೀಲದ ಜಿಪ್ಪನ್ನು ಎಳೆಯುತ್ತಲೇ ಇದ್ದಳು.

ಸೂರತ್ತಿಗೆ ಮರಳಿದ ವಾರ ಆಸ್ಪತ್ರೆಯ ಗುಮಾಸ್ತ ಹಳೆಯ ಕಾರ್ಡು ನೋಡಿ ತಲೆಯಾಡಿಸಿದ. ಹೊಸತು ತನ್ನಿ, ಅಲ್ಲಿಯವರೆಗೆ ಬೆಂಚಿಗೆ ಬೇಡ ಎಂದ. ದೂರದಿಂದ ಲಿಂಗರಾಜ ಇವಳನ್ನು ಕಂಡು ಎದ್ದು ನಿಂತ. "ಮುಂದಿನ ವಾರ, ಮುಂದಿನ ವಾರ! ಗುಳಿಗೆ ತಕ್ಕೊಂಡು ಹೋಗು" ಎಂದು ಅವಳು ಕಂಬದ ಆಚೆಯಿಂದ ಕನ್ನಡದಲ್ಲಿ ಕೂಗಿದಳು. ಅವನು ತೆಗೆದುಕೊಂಡನೋ ಇಲ್ಲವೋ ನೋಡಲು ಕಾವಲುಗಾರ ಬಿಡಲಿಲ್ಲ.

ಎರಡು ದಿನ ಕಳೆದು ಅಹಮದಾಬಾದಿನಿಂದ ಕರೆ ಬಂತು.

ಟ್ರಸ್ಟಿನ ಕಚೇರಿ ತಣ್ಣಗಿತ್ತು. ಮುಖ್ಯಸ್ಥೆ ಹೀನಾಬೆನ್ ಎದ್ದು ಬಂದು ಬರಮಾಡಿಕೊಂಡರು, ನೀರು ಕೊಟ್ಟರು, ರೈಲಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದರು. ಪಕ್ಕದ ಕುರ್ಚಿಯಲ್ಲಿ ಸಿಂಚನಾ. ಹೀನಾಬೆನ್ ಮೆತ್ತಗೆ ಗುಜರಾತಿಯಲ್ಲಿ ಶುರುಮಾಡಿದರು.

"ನಮಿತಾಬೆನ್, ಆ ದನಿ ಬಂದಾಗ ನೀವು 'ಕೂತಿರಿ, ನನಗೆ ಕೆಲಸ ಇದೆ' ಅಂತ ಹೇಳ್ತೀರಂತೆ. ಯಾವಾಗಿನಿಂದ?"

ನಮಿತಾ ಗುಜರಾತಿಯಲ್ಲಿ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ತನ್ನದೇ ಮಾತು, ತನ್ನದೇ ತಮಾಷೆ, ಇನ್ನೊಬ್ಬರ ಬಾಯಲ್ಲಿ, ಇನ್ನೊಂದು ಭಾಷೆಯಲ್ಲಿ. ಒಳಗೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆಯನ್ನು ಯಾರೋ ತಂದು ಬೀದಿಯ ತಂತಿಗೆ ಹಾಕಿ, ಇದು ನಿಮ್ಮದೇ ಅಲ್ಲವೇ ಎಂದು ಕೇಳಿದ ಹಾಗಾಯಿತು. ಅವಳು ಹೀನಾಬೆನ್‌ರನ್ನು ಬಿಟ್ಟು ಸಿಂಚನಾಳ ಕಡೆ ತಿರುಗಿದಳು.

"ನಾನು ನಿನಗೆ ಕನ್ನಡದಲ್ಲಿ ಹೇಳಿದ್ದಲ್ವಾ?"

"ಆಂಟಿ, ಸರ್ಕಲ್ ಒಳಗೆ ಹೇಳಿದ್ರೆ ನಾನು ಯಾರಿಗೂ ಹೇಳೋ ಹಾಗಿರ್ಲಿಲ್ಲ. ನೀವು ಹೊರಗೆ ಹೇಳಿದ್ರಿ."

"ಹೊರಗೆ? ಅಷ್ಟು ಜನರ ಎದುರು ಹಿಂದಿಯಲ್ಲಿ ಹೇಳಿದ್ರೆ ಒಳಗೆ, ನಿನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದ್ರೆ ಹೊರಗಾ?"

ಹುಡುಗಿ ಕೆಳಗೆ ನೋಡಿದಳು. ಆಮೇಲೆ ಅವಳೂ ಕನ್ನಡದಲ್ಲೇ ಹೇಳಿದಳು. ಹಿಂದೆ ವಡೋದರದಲ್ಲಿ ಪ್ರಶಾಂತ್ ಎಂಬವನೊಬ್ಬ ಇದೇ ಕೆಲಸದಲ್ಲಿದ್ದ. ದನಿ ಮತ್ತೆ ಕೇಳುತ್ತಿದೆ, ಯಾರಿಗೂ ಹೇಳಬೇಡ ಎಂದು ಅವಳ ಹತ್ತಿರ ಹೇಳಿದ್ದ. ಅವಳು ಹೇಳಲಿಲ್ಲ. ಅವನು ರೈಲು ಹಳಿಗೆ ಹೋದ. "ಅವನ ಅಮ್ಮ ನನ್ನ ಕೇಳಿದ್ರು ಆಂಟಿ, ನಿನಗೆ ಗೊತ್ತಿತ್ತಾ ಅಂತ."

ನಮಿತಾಳಿಗೆ ಆ ಮಗುವಿನ ಮೇಲೆ ಕನಿಕರ ಬಂತು. ಅದರ ಜೊತೆಗೇ ಸಿಟ್ಟೂ ಬಂತು. "ಅವನಿಗೆ ಬಡಿಸ್ಬೇಕಾದ್ದನ್ನ ತಂದು ನನ್ನ ಎಲೆಗೆ ಹಾಕಿದಿಯಲ್ಲ ಮಗಾ" ಎಂದಳು.

ಹೀನಾಬೆನ್ ಇಬ್ಬರ ಮುಖವನ್ನೂ ನೋಡುತ್ತ ಕಾದರು. ಆಮೇಲೆ ವಿವರಿಸಿದರು. ಇದು ಶಿಕ್ಷೆಯಲ್ಲ, ನಿಯಮ. ಮತ್ತೆ ಲಕ್ಷಣ ಕಂಡವರಿಗೆ ನವೀಕರಣ ತಡೆಹಿಡಿಯುತ್ತೇವೆ. ಅರ್ಧ ವರ್ಷ ವಿಶ್ರಾಂತಿ ತಗೊಳ್ಳಿ, ಡಾಕ್ಟರ ಪತ್ರ ತನ್ನಿ, ಆಮೇಲೆ ನೋಡೋಣ. ಬೆಂಚಿಗೆ ಸದ್ಯ ವಡೋದರದಿಂದ ಬೇರೊಬ್ಬರನ್ನು ಕಳಿಸುತ್ತೇವೆ.

"ನನ್ನವನೊಬ್ಬ ಇದ್ದಾನೆ. ಕನ್ನಡ ಬಿಟ್ಟರೆ ಬಾಯಿ ಬಿಡುವುದಿಲ್ಲ" ಎಂದಳು ನಮಿತಾ ಗುಜರಾತಿಯಲ್ಲಿ.

"ಬರುವವರಿಗೆ ಹಿಂದಿ ಚೆನ್ನಾಗಿ ಬರುತ್ತದೆ."

"ಹುಚ್ಚು ಗೊತ್ತಿರುವವರು ಬೇಕು ನಿಮಗೆ. ಆದರೆ ಹುಚ್ಚು ಇರಬಾರದು. ಇದೆಂಥ ಅಡುಗೆ ಬೆನ್, ಬೆಲ್ಲ ಹಾಕದ ಪಾಯಸ?"

ಹೀನಾಬೆನ್ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಎದುರಿಗಿದ್ದ ಗ್ಲಾಸನ್ನು ಸ್ವಲ್ಪ ಆಚೆ ಸರಿಸಿ, "ನೀವು ಹೇಳಿದ್ದು ಹಳೆಯ ಸಂಗತಿಯೇನೋ. ಸಿಂಚನಾ ಈಗಿನದ್ದು ಅಂತ ತಿಳಿದಿರಬಹುದು. ಹಾಗೇನಾದರೂ ಇದ್ದರೆ ಈಗಲೇ ಹೇಳಿ" ಎಂದರು. ತಪ್ಪಿಸಿಕೊಳ್ಳಲು ಅವರೇ ಒಂದು ಬಾಗಿಲು ತೆರೆದಿಟ್ಟಿದ್ದರು.

ಸಿಂಚನಾ ಮುಂದಕ್ಕೆ ಬಾಗಿದಳು. "ಹೂಂ ಅನ್ನಿ ಆಂಟಿ. ಪ್ಲೀಸ್. ನನ್ನ ಕನ್ನಡ ಸರಿ ಇಲ್ಲ ಅಂತ ನಾನೇ ಹೇಳ್ತೀನಿ. ಅವರಿಗೆ ನಾವು ಮಾತಾಡ್ತಿರೋದು ಅರ್ಥ ಆಗಲ್ಲ."

ಅರ್ಥ ಆಗುವುದಿಲ್ಲ. ಅದು ನಮಿತಾಳಿಗೂ ಗೊತ್ತಿತ್ತು, ಗಲ್ಲಾದ ಮುಂದೆ ಅಷ್ಟು ವರ್ಷ ಅದನ್ನೇ ಮಾಡಿದವಳು. ಹೇಳಿದರೆ ನಾಚಿಕೆಯಲ್ಲ, ಮುಚ್ಚಿಟ್ಟರೆ ಕೊಳೆಯುತ್ತದೆ ಎಂದು ಬೆಂಚಿನಲ್ಲಿ ಕೂತು ಎಷ್ಟು ಜನರಿಗೆ ಹೇಳಿದ್ದಳು. ಈಗ ನಿಜ ಹೇಳಿದರೆ ಆ ಬೆಂಚಿಲ್ಲ. ಕುದಿಯುವ ತೊಟ್ಟಿಯ ಅಂಚಿನಲ್ಲಿ ನಿಂತು "ಹಾಜರ್" ಎನ್ನುವವನು ಕಣ್ಣಿಗೆ ಕಟ್ಟಿದ.

"ಹೌದು ಬೆನ್. ಹಳೆಯ ಸಂಗತಿಯೇ. ಈಗ ಏನೂ ಕೇಳುವುದಿಲ್ಲ" ಎಂದಳು.

ಹೀನಾಬೆನ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಒಂದೇ ಷರತ್ತು, ಮೊದಲ ಕೆಲವು ವಾರ ಸಿಂಚನಾ ಸೂರತ್ತಿಗೆ ಬಂದು ಬೆಂಚಿನಲ್ಲಿ ಜೊತೆಗೆ ಕೂತು ನೋಡುತ್ತಾಳೆ. ನಿಯಮದ ಪ್ರಕಾರ ಅಷ್ಟೇ.

ಹೊರಗೆ ಬಂದು ರಿಕ್ಷಾ ಹತ್ತುವಾಗ ಸಿಂಚನಾ ಬಂದು ಅವಳ ಮೊಣಕೈ ಮುಟ್ಟಿದಳು. "ಇನ್ಮೇಲೆ ನನ್ನ ಹತ್ರ ಏನೂ ಹೇಳ್ಬೇಡಿ ಆಂಟಿ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ."

"ಇಲ್ಲ ಮಗಾ. ಹೇಳುದಿಲ್ಲ."

ಸದಾಶಿವ ಹೊಸ ಸರ್ಟಿಫಿಕೇಟನ್ನು ಉಗ್ರಾಣದ ಗೋಡೆಗೆ ಹೊಡೆದು, ದೂರ ನಿಂತು ನೋಡಿದ. "ಪಾಸಾದಿಯಲ್ಲ ಮಾರಾಯ್ತಿ. ಅಮ್ಮನಿಗೆ ಹೇಳ್ಬೇಕಿತ್ತು" ಎಂದ. ಎಂದಿನ ತಮಾಷೆಯೇ. ನಮಿತಾ ಅಕ್ಕಿ ಆರಿಸುವ ಮೊರ ತೆಗೆದುಕೊಂಡು ಒಳಗೆ ಹೋದಳು. ಅವನಿಗೆ ಹೇಳಿದರೆ ಆಸ್ಪತ್ರೆಗೆ ಓಡಿಸುತ್ತಾನೆ. ಆಸ್ಪತ್ರೆಯ ಡಾಕ್ಟರಿಗೆ ಹೇಳಿದರೆ ಟ್ರಸ್ಟಿಗೆ ತಿಳಿಯದೆ ಇರುವುದಿಲ್ಲ. ಗ್ರೈಂಡರು ನಿಂತ ಮೇಲೆ ಬರುವ ಅತ್ತೆಯ ಹತ್ತಿರ ಮಾತ್ರ ಈಗ ಅವಳು ನಿಜ ಹೇಳಬಹುದಿತ್ತು.

ಹೊಸ ಕಾರ್ಡು ಕೊರಳಿಗೆ ಹಾಕಿಕೊಂಡು ಅವಳು ಬೆಂಚಿಗೆ ಮರಳಿದ ದಿನ ಲಿಂಗರಾಜ ಆಗಲೇ ಬಂದು ಕಾದಿದ್ದ. ಗಡ್ಡ ಬೆಳೆದಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು. ಸಿಂಚನಾ ಬೆಂಚಿನ ತುದಿಯಲ್ಲಿ ಕೂತಳು.

"ಇವ್ರು ಯಾರ್ರೀ ಅಕ್ಕಾರ?"

"ನಮ್ಮವರೇ. ಕನ್ನಡ ಬರ್ತದೆ" ಎಂದಳು ನಮಿತಾ. ಆ ಮಾತು ಬಾಯಿಂದ ಹೊರಟ ಮೇಲೆ ಅವಳಿಗೇ ಕಹಿಯಾಯಿತು.

ಲಿಂಗರಾಜ ಸಿಂಚನಾಳಿಗೆ ಕೈ ಮುಗಿದು, ನಮಿತಾಳ ಕಡೆ ಸರಿದು ಕೂತ. "ಡಾಕ್ಟರ್ ಗುಳಿಗಿ ಡಬಲ್ ಮಾಡ್ಯಾರ್ರಿ. ಆದ್ರೂ ಕೂಗತಾನ. ಸಣ್ಣಗ ಕೂಗತಾನ, ಖರೆ, ಕೂಗೂದು ಬಿಟ್ಟಿಲ್ಲ. ಅದಕ್ಕ ಒಂದ್ ಮಾತು ಕೇಳಬೇಕಂತ ಬಂದೀನಿ. ಖರೆ ಹೇಳ್ರಿ ಅಕ್ಕಾರ. ನಿಮ್ಮದು ಪೂರಾ ನಿಂತದನ? ಇಲ್ಲಾ ನಿಮಗೂ ಆಗೊಮ್ಮೆ ಈಗೊಮ್ಮೆ ಕೇಳತದ? ನಿಮಗೂ ಕೇಳತದಂದ್ರ ನನಗ ಚಿಂತಿ ಇಲ್ರಿ. ಕೇಳಿಸ್ಕೊಂತನ ನಿಮ್ಮಂಗ ಇರಬೌದಂತ ಧೈರ್ಯ ಮಾಡ್ತೀನಿ. ಇಲ್ಲಂದ್ರ ನನ್ನ ತಲಿನ ಕೆಟ್ಟದ, ಇನ್ನ ಮುಗೀತಂತ ತಿಳ್ಕೋತೀನಿ."

ಈ ಕೆಲಸವಿರುವುದೇ ಆ ಒಂದು ಪ್ರಶ್ನೆಗಾಗಿ. ಪುಸ್ತಕ ಓದಿದ ಯಾರೂ ಅದಕ್ಕೆ ಉತ್ತರ ಕೊಡಲಾರರು ಎಂದೇ ಅಲ್ಲವೇ ಅವಳಂಥವರನ್ನು ಹುಡುಕಿ ತಂದು ಕೂರಿಸಿದ್ದು? ಉತ್ತರ ನಾಲಗೆಯ ತುದಿಗೆ ಬಂದಿತ್ತು. ಕೇಳುತ್ತದಪ್ಪ, ನಿನ್ನೆಯೂ ಕೇಳಿತು, ಕೂರಿಸಿ ಬಂದೆ. ಅಷ್ಟೇ ಮಾತು.

ಬೆಂಚಿನ ತುದಿಯಿಂದ ಸಿಂಚನಾ ಇತ್ತ ತಿರುಗಿದಳು. ಹುಡುಗಿಯ ಕಣ್ಣು ಬೇಡ, ಬೇಡ ಎನ್ನುತ್ತಿತ್ತು.

"ನಿಂತಿದೆ ಲಿಂಗರಾಜ" ಎಂದಳು ನಮಿತಾ. "ಪೂರ್ತಿ ನಿಂತಿದೆ. ನಿನಗೂ ನಿಲ್ತದೆ, ಗುಳಿಗೆ ಬಿಡ್ಬೇಡ."

ಅವನು ಅವಳ ಮುಖವನ್ನು ನೋಡಿದ. ಆಮೇಲೆ ಕೊರಳಿನ ಕಾರ್ಡನ್ನು ನೋಡಿದ.

"ಚಲೋ ಆತು ಬಿಡ್ರಿ" ಎಂದು ಎದ್ದ.

"ಕೂತ್ಕೋ ಮಾರಾಯ, ಇನ್ನೂ ಹೊತ್ತುಂಟು."

"ಇಲ್ರಿ. ನೀವು ಆರಾಮಾದ್ರಿ. ನಮ್ಮದು ನಮಗ."

ಅವನು ಔಷಧಿ ಕೊಡುವ ಕಿಟಕಿಯ ಕಡೆ ಹೋಗಲಿಲ್ಲ, ನೇರ ಗೇಟಿನ ಕಡೆ ನಡೆದ. ನಮಿತಾ ಎದ್ದು ಹಿಂದೆ ಹೋಗುವಷ್ಟರಲ್ಲಿ ಒಳಗಿನಿಂದ ಇನ್ನೊಬ್ಬ ರೋಗಿಯನ್ನು ಕರೆತಂದು ಅವಳ ಪಕ್ಕ ಕೂರಿಸಿದರು. ಸಿಂಚನಾ ಸರಿದು ಬಂದು ಅವಳ ಕೈ ಅದುಮಿದಳು.

"ಚೆನ್ನಾಗಿ ಹ್ಯಾಂಡಲ್ ಮಾಡಿದ್ರಿ ಆಂಟಿ."

ನಮಿತಾ ಕೈ ಬಿಡಿಸಿಕೊಂಡಳು.

ಮುಂದಿನ ವಾರ ಲಿಂಗರಾಜ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಮಿತಾ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು, ಮಿಲ್ಲಿನ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರು ಹೋಗಿ ನಿಂತಳು. ಹೊಗೆಯ ವಾಸನೆಗೆ ಕಣ್ಣು ಉರಿಯುತ್ತಿತ್ತು. ಜನರ ಗುಂಪಿನಲ್ಲಿ ಅವನು ಬಂದ. ಬದುಕಿದ್ದಾನೆ ಎಂದು ಅವಳ ಎದೆ ಹಗುರಾಯಿತು.

"ಲಿಂಗರಾಜ! ಎಂತ ಮಾರಾಯ, ಬರ್ಲೇ ಇಲ್ಲ? ಗುಳಿಗೆ ಉಂಟಾ?"

ಅವನು ನಿಂತ. ಅವನ ತುಟಿ ಅಲುಗುತ್ತಿತ್ತು. ಅವಳಿಗಲ್ಲ, ಬೇರೆ ಯಾರಿಗೋ ಉತ್ತರ ಕೊಡುತ್ತಿದ್ದ ಹಾಗೆ. ಅದು ಮುಗಿದ ಮೇಲೆ ಅವಳ ಕಡೆ ನೋಡಿದ. ಮೇಸ್ತ್ರಿಗೆ ನಗುವ ನಗೆ ನಕ್ಕ.

"ಬಿಲ್ಕುಲ್ ಠೀಕ್ ಹೂಂ, ಬೆನ್‌ಜೀ" ಎಂದ ಹಿಂದಿಯಲ್ಲಿ. "ಆಪ್ ಕೈಸೀ ಹೈಂ?"

ನಮಿತಾ ಇನ್ನೊಂದು ಸಲ ಕನ್ನಡದಲ್ಲಿ ಅವನ ಹೆಸರು ಹಿಡಿದು ಕರೆದಳು. ಅವನು ಇಡ್ಲಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ತೆಗೆದುಕೊಂಡು, "ಶುಕ್ರಿಯಾ, ಬೆನ್‌ಜೀ" ಎಂದು ಹೇಳಿ, ಜನರ ಜೊತೆ ರಸ್ತೆ ದಾಟಿದ.